ಮಗುವಿನ ನೋವಿಗೆ ನಾವು ಸಹನೆ ವಹಿಸುವುದೇ?

ಮಾತು ಬಾರದ ಮಗು ತನ್ನ ಹಲ್ಲುನೋವನ್ನು ಯಾರಿಗೆ, ಹೇಗೆ ತಿಳಿಸಬೇಕು? ನನಗೆ ಹತ್ತಿರದ ಕುಟುಂಬವೊಂದರಲ್ಲಿ ಆಟಿಸಂ ಇರುವ ಬಾಲಕನೊಬ್ಬನಿದ್ದಾನೆ. ಅವನಿಗೆ 11 ವರ್ಷವಾಗಿದ್ದಾಗ ಒಮ್ಮೆಲೇ ಊಟ ಬಿಟ್ಟನು. ರಾತ್ರಿಯಿಡೀ ನಿದ್ರಿಸುತ್ತಿರಲಿಲ್ಲ. ತನ್ನ ಬಲಗೆನ್ನೆಗೆ ತಾನೇ ಹೊಡೆದುಕೊಳ್ಳುತ್ತಿದ್ದನು. ಮನೆಯ ಹಿರಿಯರು ದೃಷ್ಟಿ ತಗುಲಿರಬೇಕೆಂದರು. ನೆರೆಹೊರೆಯವರು ಜಿನ್ನ್‌ನ ಉಪಟಳವೆಂದರು. ಮಂತ್ರಿಸಿದ ನೀರು ಕುಡಿಸಿದ್ದಾಯಿತು, ತಾಯಿತ ಕಟ್ಟಿದ್ದಾಯಿತು. ಹೀಗೆಯೇ ವಾರಗಳು ಕಳೆದವು. ಕೊನೆಗೊಂದು ಬೆಳಿಗ್ಗೆ ತಲೆದಿಂಬಿನ ಮೇಲೆ ದುರ್ವಾಸನೆಯ ಕಲೆಯನ್ನು ಕಂಡ ತಾಯಿ ಅವನನ್ನು ದಂತವೈದ್ಯರ ಬಳಿಗೆ ಕರೆದೊಯ್ದರು.

ಮೂವರು ಹಿಡಿದರೂ ಅವನನ್ನು ಕುರ್ಚಿಯಲ್ಲಿ ಕೂರಿಸಲಾಗಲಿಲ್ಲ. ಅವನು ಕಿರುಚಿದಾಗ ಬಾಯೊಳಗೆ ಕ್ಷಣಕಾಲ ಬೆಳಕು ಬಿತ್ತು. ಅಷ್ಟರಲ್ಲಿ ವೈದ್ಯರಿಗೆ ಕಂಡದ್ದು, ಬುಡದವರೆಗೆ ಹುಳುಕಾಗಿದ್ದ ಎರಡು ಕೆಳದವಡೆ ಹಲ್ಲುಗಳು ಮತ್ತು ಒಸಡಿನಲ್ಲಿ ತುಂಬಿದ್ದ ಕೀವು. ಇವನನ್ನು ಎಚ್ಚರದಲ್ಲಿಟ್ಟು ಚಿಕಿತ್ಸೆ ಮಾಡುವುದು ಅಸಾಧ್ಯ, ಆಸ್ಪತ್ರೆಗೆ ದಾಖಲಿಸಿ ಪೂರ್ಣ ಅರಿವಳಿಕೆ ನೀಡಿ ಎಲ್ಲವನ್ನೂ ಒಮ್ಮೆಲೇ ಮುಗಿಸಬೇಕು ಎಂದು ಅವರು ತಿಳಿಸಿದರು. ಜನರು ಸಾಮಾನ್ಯವಾಗಿ ಜನರಲ್ ಅನಸ್ತೇಶಿಯಾ ಎಂದು ಕರೆಯುವುದು ಇದನ್ನೇ.

ಮನೆಯಲ್ಲಿ ಸಮಾಲೋಚನೆ ನಡೆಯಿತು. ಒಂದು ಹಲ್ಲಿಗಾಗಿ ಮಗುವಿನ ಪ್ರಜ್ಞೆ ತಪ್ಪಿಸುವುದೇ ಎಂದು ಅಜ್ಜಿ ಕೇಳಿದರು. ಬುದ್ಧಿಯನ್ನು ಮಂಕಾಗಿಸುವ ವಸ್ತು ಹರಾಮ್ ಅಲ್ಲವೇ ಎಂಬ ಸಂಶಯ ಇನ್ನೊಬ್ಬರದು. ಮತ್ತೆ ಎಚ್ಚರವಾಗದಿದ್ದರೆ ಏನು ಗತಿ ಎಂಬ ಭಯ ತಂದೆಯದು. ಅವರು ನನ್ನನ್ನೂ ಕೇಳಿದರು. ನಾಲ್ಕು ಧಾರ್ಮಿಕ ಗ್ರಂಥಗಳನ್ನು ಓದಿದವನೆಂಬ ಗೌರವದಿಂದ ಕೇಳಿದರು. "ಅವಸರ ಬೇಡ, ಸಬ್ರ್ ವಹಿಸಿ, ಅಲ್ಲಾಹನು ಗುಣಪಡಿಸುವನು" ಎಂದು ನಾನು ಉತ್ತರಿಸಿದೆ. ಆ ಮಾತನ್ನು ಹೇಳುವಾಗ ನನಗೆ ಅರಿವಳಿಕೆಯ ಬಗ್ಗೆಯಾಗಲಿ ಹಲ್ಲಿನ ಸೋಂಕಿನ ಬಗ್ಗೆಯಾಗಲಿ ಏನೂ ತಿಳಿದಿರಲಿಲ್ಲ. ಆ ವಿಷಯದಲ್ಲಿ ಶರೀಅತ್‌ನ ವಿದ್ವಾಂಸರು ಏನು ಹೇಳಿದ್ದಾರೆಂಬುದನ್ನೂ ನಾನು ನೋಡಿರಲಿಲ್ಲ.

ಎರಡು ತಿಂಗಳು ಕಳೆಯುವಷ್ಟರಲ್ಲಿ ಕೀವು ಗಲ್ಲದ ಕೆಳಗಿನಿಂದ ಕುತ್ತಿಗೆಗೆ ಇಳಿಯಿತು. ಬಾಲಕನಿಗೆ ಉಗುಳು ನುಂಗಲಾಗುತ್ತಿರಲಿಲ್ಲ, ಉಸಿರಾಟವೂ ಕಷ್ಟವಾಯಿತು. ನಡುರಾತ್ರಿ ಆಸ್ಪತ್ರೆಗೆ ಒಯ್ಯಬೇಕಾಯಿತು. ಶಾಂತವಾಗಿ, ಸಿದ್ಧತೆಯೊಂದಿಗೆ ನೀಡಬಹುದಾಗಿದ್ದ ಅದೇ ಅರಿವಳಿಕೆಯನ್ನು ಊದಿಕೊಂಡ ಗಂಟಲಿನ ಮಗುವಿಗೆ ಹೆಚ್ಚಿನ ಅಪಾಯದ ನಡುವೆ ನೀಡಬೇಕಾಯಿತು. ಅಲ್ಲಾಹನ ಕೃಪೆಯಿಂದ ಬಾಲಕ ಬದುಕುಳಿದನು. ಆದರೆ ಆ ಎರಡು ತಿಂಗಳ ನೋವಿನಲ್ಲಿ ನನ್ನ ಉತ್ತರಕ್ಕೂ ಪಾಲಿದೆ. ಈ ಲೇಖನವನ್ನು ಬರೆಯುವುದಕ್ಕೆ ಅದುವೇ ಕಾರಣ.

ಮೊದಲು ವಿಷಯವನ್ನು ತಿಳಿದುಕೊಳ್ಳೋಣ. ಹಲ್ಲಿನ ಬಹುತೇಕ ಚಿಕಿತ್ಸೆಗಳಿಗೆ ಒಸಡಿಗೆ ಚುಚ್ಚುವ, ಆ ಭಾಗವನ್ನಷ್ಟೇ ಮರಗಟ್ಟಿಸುವ ಮದ್ದು ಸಾಕಾಗುತ್ತದೆ. ರೋಗಿಯು ಎಚ್ಚರವಾಗಿಯೇ ಇರುತ್ತಾನೆ. ಪೂರ್ಣ ಅರಿವಳಿಕೆ ಬೇಕಾಗುವುದು ಕೆಲವರಿಗೆ ಮಾತ್ರ. ಬಾಯಿ ತುಂಬ ಹಲ್ಲುಗಳು ಹುಳುಕಾಗಿದ್ದು ಹಲವು ಗಂಟೆಗಳ ಚಿಕಿತ್ಸೆ ಬೇಕಾದ ಪುಟ್ಟ ಮಕ್ಕಳು, ಆಟಿಸಂ ಅಥವಾ ಬುದ್ಧಿಮಾಂದ್ಯ ಇರುವವರು, ಸೆರೆಬ್ರಲ್ ಪಾಲ್ಸಿಯಿಂದಾಗಿ ತಲೆ ಮತ್ತು ಕೈಕಾಲುಗಳನ್ನು ಸ್ಥಿರವಾಗಿ ಹಿಡಿಯಲಾಗದವರು, ಅಪಘಾತದಲ್ಲಿ ದವಡೆ ಮುರಿದವರು, ಮರಗಟ್ಟಿಸುವ ಮದ್ದು ಒಗ್ಗದವರು, ಕುರ್ಚಿಯಲ್ಲಿ ಕೂರಲೂ ಆಗದಷ್ಟು ತೀವ್ರ ಭಯವಿರುವವರು ಈ ಗುಂಪಿಗೆ ಸೇರುತ್ತಾರೆ. ಇವರ ಮಟ್ಟಿಗೆ ಅರಿವಳಿಕೆ ಐಷಾರಾಮವಲ್ಲ. ಅನೇಕ ವೇಳೆ ಅದಿಲ್ಲದೆ ಇವರಿಗೆ ಚಿಕಿತ್ಸೆಯೇ ಸಿಗುವುದಿಲ್ಲ.

ಈ ಚಿಕಿತ್ಸೆಯು ಎಲ್ಲ ಸೌಕರ್ಯಗಳಿರುವ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ನಡೆಯಬೇಕು. ಅರಿವಳಿಕೆ ತಜ್ಞರು ಮೊದಲೇ ರೋಗಿಯನ್ನು ಪರೀಕ್ಷಿಸುತ್ತಾರೆ. ಬಾಯಿ ದಂತವೈದ್ಯರ ಕೆಲಸಕ್ಕೆ ಮುಕ್ತವಾಗಿರಬೇಕಾದುದರಿಂದ ಉಸಿರಾಟದ ಕೊಳವೆಯನ್ನು ಸಾಮಾನ್ಯವಾಗಿ ಮೂಗಿನ ಮೂಲಕ ಇಳಿಸುತ್ತಾರೆ. ನೀರು, ರಕ್ತ, ಹಲ್ಲಿನ ಚೂರು ಒಳಗಿಳಿಯದಂತೆ ಗಂಟಲಲ್ಲಿ ಬಟ್ಟೆಯ ತಡೆಯನ್ನಿಡುತ್ತಾರೆ. ನಾಡಿಬಡಿತ, ರಕ್ತದೊತ್ತಡ, ರಕ್ತದ ಆಮ್ಲಜನಕ, ಹೊರಬಿಡುವ ಉಸಿರು ಎಲ್ಲದರ ಮೇಲೂ ಕೊನೆಯವರೆಗೆ ನಿಗಾ ಇರುತ್ತದೆ. ಕೀಳುವುದು, ತುಂಬುವುದು, ರೂಟ್ ಕೆನಾಲ್ ಎಲ್ಲವೂ ಒಂದೇ ಅವಧಿಯಲ್ಲಿ ಮುಗಿಯುತ್ತವೆ. ಹೆಚ್ಚಿನವರು ಅದೇ ದಿನ ಮನೆಗೆ ಮರಳುತ್ತಾರೆ.

ಇತಿಹಾಸದಲ್ಲಿಯೂ ಹಲ್ಲಿಗೂ ಅರಿವಳಿಕೆಗೂ ಹತ್ತಿರದ ನಂಟಿದೆ. 1844ರ ಡಿಸೆಂಬರ್‌ನಲ್ಲಿ ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ ನೈಟ್ರಸ್ ಆಕ್ಸೈಡ್ ಅನಿಲವನ್ನು ತಾನೇ ಸೇವಿಸಿ ತನ್ನ ಹಲ್ಲನ್ನು ಕೀಳಿಸಿಕೊಂಡನು. 1846ರ ಅಕ್ಟೋಬರ್ 16ರಂದು ಬೋಸ್ಟನ್‌ನ ಆಸ್ಪತ್ರೆಯಲ್ಲಿ ಈಥರ್ ಬಳಸಿ ರೋಗಿಯ ಪ್ರಜ್ಞೆ ತಪ್ಪಿಸಿ, ನೋವಿಲ್ಲದ ಶಸ್ತ್ರಚಿಕಿತ್ಸೆಯನ್ನು ಜಗತ್ತಿಗೆ ತೋರಿಸಿದ ವಿಲಿಯಂ ಮಾರ್ಟನ್ ಕೂಡ ದಂತವೈದ್ಯನೇ. ಇದಕ್ಕೂ ಎಂಟು ಶತಮಾನಗಳಿಗೆ ಹಿಂದೆ ಮುಸ್ಲಿಮ್ ಸ್ಪೇನ್‌ನ ಕಾರ್ಡೋಬಾದ ಬಳಿ ಬಾಳಿದ ಅಬುಲ್ ಕಾಸಿಮ್ ಅಝ್ಝಹ್ರಾವಿ ತಮ್ಮ 30 ಭಾಗಗಳ 'ಅತ್ತಸ್ರೀಫ್' ಗ್ರಂಥದ ಕೊನೆಯ ಭಾಗವನ್ನು ಶಸ್ತ್ರಚಿಕಿತ್ಸೆಗೆ ಮೀಸಲಿಟ್ಟರು. ಹಲ್ಲಿನ ಕಿಟ್ಟವನ್ನು ಕೆರೆಯುವ ಉಪಕರಣಗಳು, ಹಲ್ಲು ಕೀಳುವ ಇಕ್ಕುಳಗಳು, ಅಲುಗಾಡುವ ಹಲ್ಲುಗಳನ್ನು ಚಿನ್ನದ ತಂತಿಯಿಂದ ಕಟ್ಟುವ ವಿಧಾನ ಇವೆಲ್ಲವೂ ಅದರಲ್ಲಿವೆ. ಹಲ್ಲಿನ ನೋವನ್ನು ಕ್ಷುಲ್ಲಕವೆಂದು ಬಗೆಯದ ಪರಂಪರೆ ನಮ್ಮದು. ಹೀಗಿರುವಾಗ ಕೇವಲ ಒಂದು ಹಲ್ಲಿಗಾಗಿ ಇಷ್ಟೆಲ್ಲವೇ ಎಂಬ ಮಾತು ನಮಗೆ ಎಲ್ಲಿಂದ ಬಂತು?

ಈಗ ಸಂಶಯಗಳನ್ನು ಒಂದೊಂದಾಗಿ ನೋಡೋಣ. ಮೊದಲನೆಯದು ಅಮಲಿನ ಸಂಶಯ. ಮದ್ಯವನ್ನು ಇಸ್ಲಾಮ್ ನಿಷೇಧಿಸಿದೆ, ಬುದ್ಧಿಯ ರಕ್ಷಣೆಯು ಶರೀಅತ್‌ನ ಮೂಲ ಉದ್ದೇಶಗಳಲ್ಲಿ ಒಂದು. ಹಾಗಿದ್ದರೆ ಪ್ರಜ್ಞೆಯನ್ನೇ ಅಳಿಸುವ ಔಷಧವನ್ನು ಒಪ್ಪುವುದು ಹೇಗೆ? ಈ ಪ್ರಶ್ನೆ ಹೊಸದಲ್ಲ. 13ನೇ ಶತಮಾನದ ಮಾಲಿಕೀ ವಿದ್ವಾಂಸ ಇಮಾಮ್ ಕರಾಫಿ(ರಹ್) ತಮ್ಮ 'ಅಲ್ ಫುರೂಕ್' ಗ್ರಂಥದಲ್ಲಿ ಉನ್ಮಾದವನ್ನೂ ಸುಖಭ್ರಮೆಯನ್ನೂ ಉಂಟುಮಾಡುವ ಅಮಲು ಪದಾರ್ಥಗಳನ್ನು ಒಂದು ವರ್ಗವಾಗಿಯೂ ಇಂದ್ರಿಯಗಳನ್ನು ನಿಷ್ಕ್ರಿಯಗೊಳಿಸಿ ನಿದ್ರೆಗೆ ದೂಡುವ ಪದಾರ್ಥಗಳನ್ನು ಬೇರೊಂದು ವರ್ಗವಾಗಿಯೂ ವಿಂಗಡಿಸಿ, ಅವುಗಳ ವಿಧಿಗಳೂ ಬೇರೆ ಬೇರೆಯೆಂದು ವಿವರಿಸಿದ್ದಾರೆ. ಅರಿವಳಿಕೆಯನ್ನು ಪಡೆಯುವವನು ಸುಖವನ್ನು ಅರಸಿ ಹೋಗುವುದಿಲ್ಲ. ಅವನಿಗೆ ಬೇಕಾದುದು ಚಿಕಿತ್ಸೆ.

ನಮ್ಮ ಕರಾವಳಿಯ ಬ್ಯಾರಿ ಹಾಗೂ ನವಾಯತ್ ಸಮುದಾಯಗಳು ಬಹುಪಾಲು ಅನುಸರಿಸುವ ಶಾಫಿಈ ಮದ್‌ಹಬ್‌ನ ಮಹಾನ್ ವಿದ್ವಾಂಸ ಇಮಾಮ್ ನವವಿ(ರಹ್) ಕ್ರಿ.ಶ. 1277ರಲ್ಲಿ ನಿಧನ ಹೊಂದಿದವರು. ಕೊಳೆತ ಕೈಯನ್ನು ಕತ್ತರಿಸಬೇಕಾದಾಗ ಪ್ರಜ್ಞೆ ತಪ್ಪಿಸುವ ಔಷಧವನ್ನು ಬಳಸಬಹುದೇ ಎಂಬ ಪ್ರಶ್ನೆಯನ್ನು ಅವರು ಚರ್ಚಿಸಿದ್ದಾರೆ. ಅದರಲ್ಲಿದ್ದ ಭಿನ್ನಾಭಿಪ್ರಾಯವನ್ನು ತಿಳಿಸಿ, ಅನುಮತಿಯಿದೆ ಎಂಬ ಪಕ್ಷವನ್ನೇ ಹೆಚ್ಚು ಸರಿಯಾದುದೆಂದು ತೀರ್ಮಾನಿಸಿದ್ದಾರೆ. ಈಥರ್ ಬರುವುದಕ್ಕೆ ಐನೂರಕ್ಕೂ ಹೆಚ್ಚು ವರ್ಷಗಳ ಮೊದಲು, ಡಮಾಸ್ಕಸ್‌ನ ಒಬ್ಬ ವಿದ್ವಾಂಸರು ಇತ್ಯರ್ಥಗೊಳಿಸಿದ್ದ ಪ್ರಶ್ನೆಯನ್ನು ನಾವು ಇಂದಿಗೂ ಒಂದು ಮಗುವಿನ ಹಾಸಿಗೆಯ ಬಳಿ ನಿಂತು ಹೊಸದಾಗಿ ಕೇಳುತ್ತಿದ್ದೇವೆ. ನಮ್ಮ ಗ್ರಂಥಗಳಲ್ಲಿ ಉತ್ತರವಿದ್ದರೂ ಅದನ್ನು ತೆರೆದು ನೋಡುವ ತಾಳ್ಮೆ ನಮಗಿರಲಿಲ್ಲ.

ಎರಡನೆಯದು ತವಕ್ಕುಲ್‌ನ ಪ್ರಶ್ನೆ. ಅಲ್ಲಾಹನ ಮೇಲೆ ಭರವಸೆಯಿಟ್ಟವನಿಗೆ ಔಷಧವೇಕೆ ಎಂದು ಹೇಳುವವರಿದ್ದಾರೆ. ಚಿಕಿತ್ಸೆ ಪಡೆಯಬಹುದೇ ಎಂದು ಅರಬ್ ಗ್ರಾಮವಾಸಿಗಳು ಬಂದು ಕೇಳಿದಾಗ, ಪಡೆಯಿರಿ ಎಂದೇ ಪ್ರವಾದಿ(ಸ) ಉತ್ತರಿಸಿದ್ದರು. ವೃದ್ಧಾಪ್ಯದ ಹೊರತು ಎಲ್ಲ ರೋಗಗಳಿಗೂ ಅಲ್ಲಾಹನು ಔಷಧವನ್ನು ಇರಿಸಿದ್ದಾನೆಂಬುದನ್ನು ಅವರು ಕಲಿಸಿದರು. ಒಂಟೆಯನ್ನು ಕಟ್ಟಬೇಕೋ ಅಥವಾ ಬಿಟ್ಟು ಭರವಸೆಯಿಡಬೇಕೋ ಎಂದು ಕೇಳಿದವನಿಗೆ, ಮೊದಲು ಕಟ್ಟಿ ಆ ಬಳಿಕ ಭರವಸೆಯಿಡುವಂತೆ ಹೇಳಿದ ಪ್ರಸಂಗ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ದೃಷ್ಟಿಯೂ ಸತ್ಯ, ರುಕ್ಯಾ ಕೂಡ ಸುನ್ನತ್. ಕುರ್‌ಆನ್ ಪಾರಾಯಣ ಮಾಡಿ ಮಗುವಿನ ಮೇಲೆ ಊದುವ ತಾಯಿಯನ್ನು ಯಾರೂ ತಡೆಯಬೇಕಾಗಿಲ್ಲ. ಆದರೆ ಒಸಡಿನಲ್ಲಿ ಕೀವು ಕಣ್ಣಿಗೆ ಕಾಣುತ್ತಿರುವಾಗ ರುಕ್ಯಾವನ್ನು ಮುಂದಿಟ್ಟುಕೊಂಡು ವೈದ್ಯರನ್ನು ದೂರವಿಡುವುದು, ಒಂಟೆಯನ್ನು ಬಿಚ್ಚಿಬಿಟ್ಟು ಹಗ್ಗವನ್ನು ಕೈಯಲ್ಲಿ ಹಿಡಿದು ಕುಳಿತಂತೆ.

ಮೂರನೆಯದು ಸಹನೆಯ ಹೆಸರಿನಲ್ಲಿ ಆಗುವ ತಪ್ಪು. ನಾನು ಮಾಡಿದ ತಪ್ಪು ಇದುವೇ. ತಾಬಿಈಗಳಲ್ಲಿ ಪ್ರಖ್ಯಾತರಾದ ಉರ್ವಾ ಬಿನ್ ಝುಬೈರ್(ರಹ್) ಅವರ ಕಾಲು ಕೊಳೆತು ಕತ್ತರಿಸಬೇಕಾದಾಗ, ನೋವು ತಿಳಿಯದಂತೆ ಅಮಲಿನ ಪಾನೀಯವನ್ನು ಕುಡಿಯಲು ವೈದ್ಯರು ಸೂಚಿಸಿದರು. ಅವರು ನಿರಾಕರಿಸಿದರು ಮತ್ತು ಅಲ್ಲಾಹನ ಸ್ಮರಣೆಯಲ್ಲಿ ಮುಳುಗಿ ಆ ನೋವನ್ನು ಸಹಿಸಿದರು. ಅಪಸ್ಮಾರವಿದ್ದ ಓರ್ವ ಮಹಿಳೆ ಪ್ರವಾದಿ(ಸ)ರ ಬಳಿಗೆ ಬಂದಾಗ, ರೋಗ ವಾಸಿಯಾಗಲು ಪ್ರಾರ್ಥಿಸಲೇ ಅಥವಾ ಸಹನೆಗೆ ಪ್ರತಿಫಲವಾಗಿ ಸ್ವರ್ಗವನ್ನು ಆರಿಸುವಿರಾ ಎಂದು ಪ್ರವಾದಿ(ಸ) ಅವರಿಗೆ ಆಯ್ಕೆ ನೀಡಿದರು. ಅವರು ಸಹನೆಯನ್ನು ಆರಿಸಿದರು. ಮುಳ್ಳು ಚುಚ್ಚಿದ ನೋವಿನಿಂದಲೂ ಸತ್ಯವಿಶ್ವಾಸಿಯ ಪಾಪಗಳು ಅಳಿಯುತ್ತವೆ ಎಂಬ ಪ್ರವಾದಿ ಬೋಧನೆಯೂ ನಮಗೆ ತಿಳಿದಿದೆ.

ಈ ಎಲ್ಲ ಘಟನೆಗಳಲ್ಲಿ ಒಂದು ಸಮಾನ ಅಂಶವಿದೆ. ಸಹಿಸಿದವರು ಯಾರೋ, ನಿರ್ಧರಿಸಿದವರೂ ಅವರೇ. ಉರ್ವಾ(ರಹ್) ತಮ್ಮ ಕಾಲಿನ ವಿಷಯದಲ್ಲಿ ತೀರ್ಮಾನಿಸಿದರು. ಆ ಮಹಿಳೆ ತಮ್ಮ ದೇಹದ ವಿಷಯದಲ್ಲಿ ತೀರ್ಮಾನಿಸಿದರು. ಪ್ರವಾದಿ(ಸ)ರು ಕೂಡ ಅವರ ಪರವಾಗಿ ತೀರ್ಮಾನಿಸದೆ, ಅವರಿಗೇ ಆಯ್ಕೆ ನೀಡಿದರು. ನಮ್ಮ ಬಾಲಕನಿಗೆ ಯಾರು ಆಯ್ಕೆ ನೀಡಿದ್ದರು? ನೋವು ಅವನದು, ಸಬ್ರ್ ವಹಿಸಿದ್ದೇವೆಂಬ ತೃಪ್ತಿ ನಮ್ಮದು. ಅವನು ಗೆನ್ನೆಗೆ ಹೊಡೆದುಕೊಳ್ಳುತ್ತಿದ್ದುದೇ ಅವನ ಭಾಷೆಯಾಗಿತ್ತು. ನೋವನ್ನು ನಿವಾರಿಸಿ ಎಂದು ಅವನು ತನಗೆ ತಿಳಿದ ಏಕೈಕ ರೀತಿಯಲ್ಲಿ ಬೇಡುತ್ತಿದ್ದನು. ಒಬ್ಬನು ತನ್ನ ನೋವಿನಲ್ಲಿ ಸಹನೆ ವಹಿಸಿದರೆ ಅದು ಪುಣ್ಯದ ಕಾರ್ಯ. ಇನ್ನೊಬ್ಬನ ನೋವನ್ನು ನಿವಾರಿಸುವ ಹೊಣೆ ತನ್ನ ಮೇಲಿರುವಾಗ, ಅದಕ್ಕೆ ಉಪಾಯವೂ ಇರುವಾಗ, ಸಹನೆಯ ಮಾತಾಡುವುದು ಹೊಣೆಯಿಂದ ನುಣುಚಿಕೊಳ್ಳುವುದಾಗಿದೆ. ಮಕ್ಕಳು ನಮ್ಮ ಸೊತ್ತಲ್ಲ, ಅಮಾನತ್. ಪ್ರತಿಯೊಬ್ಬನೂ ಮೇಲ್ವಿಚಾರಕ, ತನ್ನ ಅಧೀನದಲ್ಲಿರುವವರ ಬಗ್ಗೆ ಅವನನ್ನು ಪ್ರಶ್ನಿಸಲಾಗುವುದು ಎಂಬ ಪ್ರವಾದಿ(ಸ)ರ ಎಚ್ಚರಿಕೆ ಮಾತು ಬಾರದ ಮಕ್ಕಳ ವಿಷಯದಲ್ಲಿ ಇನ್ನಷ್ಟು ಗಂಭೀರವಾಗುತ್ತದೆ.

ನಾಲ್ಕನೆಯದು ತಂದೆಯ ಭಯ. ಇದನ್ನು ನಾನು ಕಡೆಗಣಿಸಲಾರೆ. ಮಗುವನ್ನು ಕೊಠಡಿಯೊಳಗೆ ಕಳುಹಿಸಿ ಬಾಗಿಲ ಹೊರಗೆ ನಿಲ್ಲುವ ಹೆತ್ತವರ ಎದೆಬಡಿತವನ್ನು ಯಾರೂ ಹಗುರವಾಗಿ ಕಾಣಬಾರದು. ನಿದ್ರೆಯಲ್ಲಿ ಪ್ರಾಣಗಳನ್ನು ವಶಕ್ಕೆ ಪಡೆಯುವವನೂ ಅವಧಿ ಉಳಿದವರಿಗೆ ಅದನ್ನು ಮರಳಿಸುವವನೂ ಅಲ್ಲಾಹನೇ ಎಂದು ಪವಿತ್ರ ಕುರ್‌ಆನಿನ ಅಝ್ಝುಮರ್ ಅಧ್ಯಾಯ ನೆನಪಿಸುತ್ತದೆ. ಪ್ರತಿದಿನ ಮಲಗುವಾಗ ನಾವು ಪ್ರಾಣವನ್ನು ಅವನಿಗೆ ಒಪ್ಪಿಸಿಯೇ ಕಣ್ಣು ಮುಚ್ಚುತ್ತೇವೆ. ಆದರೆ ಈ ವಿಶ್ವಾಸದ ಜೊತೆಗೆ ಒಂಟೆಯನ್ನೂ ಕಟ್ಟಬೇಕಷ್ಟೆ. ಅರಿವಳಿಕೆಯಲ್ಲಿ ಅಪಾಯವೇ ಇಲ್ಲವೆಂದು ಹೇಳುವವರು ಸತ್ಯ ಹೇಳುವುದಿಲ್ಲ. ವಾಕರಿಕೆ, ಗಂಟಲು ನೋವು, ಎಚ್ಚರವಾಗುವಾಗಿನ ಗೊಂದಲ ಮತ್ತು ಅಳು ಸಾಮಾನ್ಯ. ಗಂಭೀರ ತೊಂದರೆಗಳು ಆರೋಗ್ಯವಂತ ಮಕ್ಕಳಲ್ಲಿ ಅಪರೂಪ, ಆದರೆ ಇಲ್ಲವೇ ಇಲ್ಲವೆಂದಲ್ಲ. ಮೂರು ವರ್ಷಕ್ಕಿಂತ ಕಿರಿಯ ಮಕ್ಕಳಿಗೆ ಪದೇಪದೇ ಅಥವಾ ದೀರ್ಘ ಅವಧಿಗೆ ಅರಿವಳಿಕೆ ನೀಡುವ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2016ರಲ್ಲಿ ಎಚ್ಚರಿಕೆ ನೀಡಿದೆ. ಆದ್ದರಿಂದ ಪ್ರಶ್ನಿಸುವುದು ಹೆತ್ತವರ ಹಕ್ಕು ಮಾತ್ರವಲ್ಲ, ಕರ್ತವ್ಯ ಕೂಡ.

ಏನನ್ನು ಕೇಳಬೇಕು? ಅರಿವಳಿಕೆ ನೀಡುವವರು ಅದಕ್ಕೆಂದೇ ತರಬೇತಿ ಪಡೆದ ತಜ್ಞರೇ? ಚಿಕಿತ್ಸೆ ನಡೆಯುವಷ್ಟು ಹೊತ್ತೂ ಅವರು ಪಕ್ಕದಲ್ಲಿಯೇ ಇರುವರೇ? ಉಸಿರಾಟ ಅಥವಾ ಹೃದಯಬಡಿತ ಏರುಪೇರಾದರೆ ಸರಿಪಡಿಸುವ ಉಪಕರಣಗಳೂ ಸಿಬ್ಬಂದಿಯೂ ಅಲ್ಲಿವೆಯೇ? ಪೂರ್ಣ ಅರಿವಳಿಕೆಯ ಹೊರತು ಬೇರೆ ಮಾರ್ಗವಿದೆಯೇ? ಒಂದೇ ಅವಧಿಯಲ್ಲಿ ಎಲ್ಲ ಹಲ್ಲುಗಳ ಚಿಕಿತ್ಸೆ ಮುಗಿಯುವುದೇ? ವೈದ್ಯಕೀಯ ಜ್ಞಾನವಿಲ್ಲದೆ ಚಿಕಿತ್ಸೆಗೆ ಕೈಹಾಕಿದವನು ಹಾನಿಗೆ ಹೊಣೆಗಾರನೆಂದು ಪ್ರವಾದಿ(ಸ) ಕಲಿಸಿದ್ದಾರೆ. ಕಡಿಮೆ ಖರ್ಚಿನ ಆಸೆಯಿಂದ ಈ ಸೌಕರ್ಯಗಳಿಲ್ಲದ ಕಡೆಗೆ ಮಗುವನ್ನು ಒಯ್ಯುವುದು ತವಕ್ಕುಲ್ ಅಲ್ಲ. ಹೆತ್ತವರ ಕಡೆಯಿಂದಲೂ ಏನನ್ನೂ ಮುಚ್ಚಿಡಬಾರದು. ಶೀತ, ಕೆಮ್ಮು, ಜ್ವರ, ಉಬ್ಬಸ, ಸೆಳವು, ಸೇವಿಸುತ್ತಿರುವ ಔಷಧಗಳು, ಕುಟುಂಬದಲ್ಲಿ ಯಾರಿಗಾದರೂ ಅರಿವಳಿಕೆಯಿಂದ ತೊಂದರೆಯಾಗಿದ್ದರೆ ಅದು, ಎಲ್ಲವನ್ನೂ ತಿಳಿಸಬೇಕು. ಗೊತ್ತುಪಡಿಸಿದ ದಿನ ತಪ್ಪುವುದೆಂದು ಮಗುವಿನ ಶೀತವನ್ನು ಮರೆಮಾಚುವುದು ಅಪಾಯಕಾರಿ.

ಉಪವಾಸದ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಅರಿವಳಿಕೆಗೆ ಮುಂಚೆ ಹೊಟ್ಟೆ ಖಾಲಿಯಾಗಿರಬೇಕು. ಸಾಮಾನ್ಯವಾಗಿ ಘನ ಆಹಾರವನ್ನು 6 ಗಂಟೆ, ತಾಯಿಯ ಹಾಲನ್ನು 4 ಗಂಟೆ, ನೀರನ್ನು 2 ಗಂಟೆ ಮೊದಲು ನಿಲ್ಲಿಸಲು ಹೇಳುತ್ತಾರೆ. ಆಯಾ ಆಸ್ಪತ್ರೆಯ ಸೂಚನೆಯೇ ಅಂತಿಮ. ಪ್ರಜ್ಞೆ ಇಲ್ಲದಾಗ ಗಂಟಲಿನ ಸಹಜ ರಕ್ಷಣೆ ಕೆಲಸ ಮಾಡುವುದಿಲ್ಲ. ಹೊಟ್ಟೆಯಲ್ಲಿದ್ದುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಮಗು ಹಸಿದಿದೆಯೆಂಬ ಮರುಕದಿಂದ ಅಜ್ಜಿಯೋ ಅತ್ತೆಯೋ ಯಾರಿಗೂ ಕಾಣದಂತೆ ಕೊಡುವ ಒಂದು ಬಿಸ್ಕತ್ತು ಜೀವಕ್ಕೆ ಎರವಾಗಬಹುದು. ರಮಝಾನಿನಲ್ಲಿ ಒಂದು ಗುಟುಕು ನೀರಿಗೂ ಸಮಯದ ಮಿತಿಯಿದೆಯೆಂದು ಬಲ್ಲ ಸಮುದಾಯ ನಮ್ಮದು. ಸಮಯದ ಶಿಸ್ತನ್ನು ನಮಗೆ ಬೇರೆಯವರು ಕಲಿಸಬೇಕಾಗಿಲ್ಲ. ಅದೇ ಶಿಸ್ತನ್ನು ಇಲ್ಲಿಯೂ ಪಾಲಿಸಿದರೆ ಸಾಕು.

ಇನ್ನು ಆರಾಧನೆಗೆ ಸಂಬಂಧಿಸಿದ ವಿಷಯಗಳು. ಪ್ರಾಯಪೂರ್ತಿಯಾಗದ ಮಕ್ಕಳಿಗೆ ಇವು ಅನ್ವಯಿಸುವುದಿಲ್ಲ. ನಿದ್ರಿಸುವವನು, ಮಗು, ಬುದ್ಧಿ ಸ್ಥಿಮಿತವಿಲ್ಲದವನು ಈ ಮೂವರಿಂದ ಕರ್ಮಗಳನ್ನು ದಾಖಲಿಸುವ ಲೇಖನಿಯನ್ನು ಎತ್ತಲಾಗಿದೆ ಎಂಬ ಹದೀಸ್ ಪ್ರಸಿದ್ಧವಾದುದು. ವಯಸ್ಕರು ಅರಿವಳಿಕೆ ಪಡೆದರೆ ವುಝೂ ಭಂಗವಾಗುತ್ತದೆ, ಎಚ್ಚರವಾದ ಬಳಿಕ ಹೊಸದಾಗಿ ವುಝೂ ಮಾಡಬೇಕು. ಹಲ್ಲು ಕಿತ್ತ ದಿನ ರಭಸವಾಗಿ ಬಾಯಿ ಮುಕ್ಕಳಿಸಬಾರದೆಂದು ವೈದ್ಯರು ಹೇಳುತ್ತಾರೆ. ಗಾಯದ ಮೇಲೆ ಹೆಪ್ಪುಗಟ್ಟಿದ ರಕ್ತ ಕಿತ್ತುಬಂದರೆ ನೋವೂ ರಕ್ತಸ್ರಾವವೂ ಮರುಕಳಿಸುತ್ತವೆ. ವುಝೂದಲ್ಲಿ ಬಾಯಿ ಮುಕ್ಕಳಿಸುವುದು ಶಾಫಿಈ ಮತ್ತು ಹನಫೀ ಮದ್‌ಹಬ್‌ಗಳ ಪ್ರಕಾರ ಸುನ್ನತ್ ಆಗಿರುವುದರಿಂದ, ಅದನ್ನು ಬಿಟ್ಟರೂ ವುಝೂ ಸಿಂಧುವಾಗುತ್ತದೆ. ಈ ಒಂದು ಮಾತು ತಿಳಿಯದೆ ಗಾಯವನ್ನು ಕೆದಕಿಕೊಳ್ಳಬಾರದು.

ನಮಾಝ್‌ನ ಬಗ್ಗೆ ಹೇಳುವುದಾದರೆ, ಇಂತಹ ಚಿಕಿತ್ಸೆಯನ್ನು ಬೆಳಗಿನ ಹೊತ್ತಿಗೆ ಇರಿಸುವಂತೆ ಕೇಳಿಕೊಂಡು ಫಜ್ರ್ ನಿರ್ವಹಿಸಿ ಹೋದರೆ, ಝುಹ್ರ್‌ನ ಸಮಯ ಮುಗಿಯುವ ಮೊದಲು ಎಚ್ಚರವಾಗುವ ಸಾಧ್ಯತೆಯೇ ಹೆಚ್ಚು. ಎದ್ದು ನಿಲ್ಲಲಾಗದಿದ್ದರೆ ಕುಳಿತು, ಕೂರಲಾಗದಿದ್ದರೆ ಮಲಗಿಯಾದರೂ ನಿರ್ವಹಿಸಬಹುದು. ಪ್ರಜ್ಞೆಯಿಲ್ಲದಿರುವಾಗ ಒಂದು ನಮಾಝ್‌ನ ಸಮಯವು ಪೂರ್ಣವಾಗಿ ಕಳೆದುಹೋದರೆ ಅದರ ಕಝಾ ಕಡ್ಡಾಯವೇ ಎಂಬಲ್ಲಿ ಮದ್‌ಹಬ್‌ಗಳ ನಡುವೆ ಭಿನ್ನಾಭಿಪ್ರಾಯವಿದೆ. ಕಝಾ ನಿರ್ವಹಿಸಿಬಿಡುವುದು ಸುರಕ್ಷಿತ ದಾರಿ. ರಮಝಾನಿನಲ್ಲಿ ಹಲ್ಲಿನ ಸೋಂಕು ಉಲ್ಬಣಿಸಿದರೆ ಈದ್ ಕಳೆಯಲಿ ಎಂದು ಕಾಯುವವರಿದ್ದಾರೆ. ರೋಗಿಗೆ ಉಪವಾಸವನ್ನು ಬೇರೆ ದಿನಗಳಲ್ಲಿ ಪೂರ್ತಿಗೊಳಿಸುವ ರಿಯಾಯಿತಿಯನ್ನು ನೀಡಿದವನು ಸ್ವತಃ ಅಲ್ಲಾಹನು. ಅವನ ರಿಯಾಯಿತಿಯನ್ನು ಸ್ವೀಕರಿಸುವುದು ಅವನ ಆಜ್ಞೆಯನ್ನು ಪಾಲಿಸಿದಷ್ಟೇ ವಿಧೇಯತೆಯಾಗಿದೆ. ಮಹಿಳೆಯರು ತಮ್ಮ ಔರತ್‌ನ ಬಗ್ಗೆ ಚಿಂತಿಸಿ ಚಿಕಿತ್ಸೆಯನ್ನು ಮುಂದೂಡುವುದೂ ಉಂಟು. ತಲೆಯನ್ನು ಮುಚ್ಚುವ ಶಸ್ತ್ರಚಿಕಿತ್ಸಾ ಟೊಪ್ಪಿಗೆ, ಮೈಮುಚ್ಚುವ ಹೊದಿಕೆ, ಮಹಿಳಾ ಸಿಬ್ಬಂದಿಯ ಉಪಸ್ಥಿತಿ ಇವುಗಳನ್ನು ಮೊದಲೇ ಕೇಳಿ ಗೊತ್ತುಮಾಡಿಕೊಳ್ಳಬಹುದು. ಅಪಸ್ಮಾರವಿದ್ದ ಆ ಮಹಿಳೆಯೂ ಪ್ರವಾದಿ(ಸ)ರಲ್ಲಿ ಕೇಳಿಕೊಂಡದ್ದು, ಮೂರ್ಛೆ ಹೋದಾಗ ತನ್ನ ಮೈ ತೆರೆದುಕೊಳ್ಳದಿರಲಿ ಎಂದೇ. ಪ್ರವಾದಿ(ಸ) ಆ ಕೋರಿಕೆಯನ್ನು ಮನ್ನಿಸಿ ಪ್ರಾರ್ಥಿಸಿದರು.

ಇಷ್ಟು ಹೇಳಿದ ಬಳಿಕ ಇನ್ನೊಂದು ಬದಿಯನ್ನೂ ಹೇಳದಿದ್ದರೆ ನ್ಯಾಯವಾಗದು. ಪೂರ್ಣ ಅರಿವಳಿಕೆಯು ಅಗತ್ಯಕ್ಕೆ ನೀಡಲಾದ ಅನುಮತಿ. ಮಗು ಸ್ವಲ್ಪ ಅಳುತ್ತದೆ, ಸಮಾಧಾನಪಡಿಸಲು ಸಮಯವಿಲ್ಲ ಎಂಬ ಕಾರಣಕ್ಕೆ ಅದನ್ನು ಕೇಳಿ ಪಡೆಯುವುದು ಸರಿಯಲ್ಲ. ಅದಕ್ಕಿಂತ ಮುಖ್ಯವಾಗಿ, ಪುಟ್ಟ ಮಕ್ಕಳ ವಿಷಯದಲ್ಲಿ ಈ ಹಂತ ತಲುಪುವುದನ್ನೇ ಬಹಳಷ್ಟು ಮಟ್ಟಿಗೆ ತಪ್ಪಿಸಬಹುದು. ಬಾಯಲ್ಲಿ ಹಾಲಿನ ಬಾಟಲಿಯಿಟ್ಟು ಮಲಗಿಸುವುದು, ಅಳು ನಿಲ್ಲಿಸಲು ಮಿಠಾಯಿ ಕೊಡುವುದು, ಹಾಲುಹಲ್ಲು ಹೇಗೂ ಬಿದ್ದುಹೋಗುತ್ತದೆಂದು ಹುಳುಕನ್ನು ಕಡೆಗಣಿಸುವುದು ನಮ್ಮ ಮನೆಗಳಲ್ಲಿ ದಿನನಿತ್ಯದ ಮಾತು. ಹಾಲುಹಲ್ಲಿನ ಕೀವು ಅದರ ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೂ ಹಾನಿ ಮಾಡಬಲ್ಲುದು. ಸಮುದಾಯಕ್ಕೆ ಕಷ್ಟವಾಗದಿರುತ್ತಿದ್ದರೆ ಪ್ರತಿ ನಮಾಝ್‌ನ ವೇಳೆಗೂ ಮಿಸ್ವಾಕ್ ಕಡ್ಡಾಯಗೊಳಿಸುತ್ತಿದ್ದೆನೆಂದ ಪ್ರವಾದಿ(ಸ)ರ ಅನುಯಾಯಿಗಳು ನಾವು. ನಮ್ಮ ಜೇಬಿನಲ್ಲಿ ಮಿಸ್ವಾಕ್ ಇದ್ದು ನಮ್ಮ ಮಕ್ಕಳ ಬಾಯಲ್ಲಿ ಹುಳುಕಿದ್ದರೆ ಆ ಸುನ್ನತ್ ಮನೆಯೊಳಗೆ ತಲುಪಿಲ್ಲವೆಂದೇ ಅರ್ಥ. ಬ್ರಷ್ ಹಿಡಿಯಲು ಒಲ್ಲದ ವಿಶೇಷ ಚೇತನ ಮಗುವಿನ ಹಲ್ಲುಗಳನ್ನು ದಿನಕ್ಕೆರಡು ಸಲ ತಾಳ್ಮೆಯಿಂದ ಉಜ್ಜುವ ತಾಯಿಯ ಕೆಲಸವೇ ನಿಜವಾದ ಸಬ್ರ್. ಅದರಲ್ಲಿ ತಂದೆಯೂ ಪಾಲು ಪಡೆಯಬೇಕು.

ಕೊನೆಯದಾಗಿ ಸಮುದಾಯದ ಹೊಣೆ. ಆಸ್ಪತ್ರೆ, ತಜ್ಞರು, ಕೊಠಡಿ ಎಲ್ಲ ಸೇರಿ ಈ ಚಿಕಿತ್ಸೆಯ ವೆಚ್ಚ ಬಡ ಕುಟುಂಬದ ಕೈಗೆಟುಕದು. ಅನೇಕರು ಧಾರ್ಮಿಕ ಕಾರಣ ಹೇಳುವಾಗ ಅದರ ಹಿಂದೆ ಹಣದ ಚಿಂತೆ ಅಡಗಿರುತ್ತದೆ. ಅದನ್ನು ಬಾಯಿಬಿಟ್ಟು ಹೇಳಲು ಸ್ವಾಭಿಮಾನ ಬಿಡುವುದಿಲ್ಲ. ಬಡವರಿಗೆ ಮತ್ತು ನಿರ್ಗತಿಕರಿಗೆ ಮೀಸಲಾದ ಝಕಾತನ್ನು ಅಂತಹವರ ಕೈಗೆ ತಲುಪಿಸಿದರೆ ಅವರು ಮಗುವಿನ ಚಿಕಿತ್ಸೆ ಮಾಡಿಸಬಲ್ಲರು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗಾಗಿ ಕೇಂದ್ರ ಸರಕಾರದ ನ್ಯಾಷನಲ್ ಟ್ರಸ್ಟ್ 'ನಿರಾಮಯ' ಎಂಬ ಆರೋಗ್ಯ ವಿಮೆಯನ್ನು ನಡೆಸುತ್ತಿದೆ. ಅದರ ಮಿತಿ 1 ಲಕ್ಷ ರೂಪಾಯಿ. ಯಾವ ಚಿಕಿತ್ಸೆಗೆ ಎಷ್ಟು ದೊರೆಯುವುದೆಂದು ವಿಚಾರಿಸಿ, ಅರ್ಜಿ ತುಂಬಿಸಿಕೊಡುವ ಕೆಲಸವನ್ನು ನಮ್ಮ ಯುವಕರು ಮಾಡಬಹುದು. ಪ್ರತಿಯೊಂದು ಜಮಾಅತ್ ತನ್ನ ವ್ಯಾಪ್ತಿಯಲ್ಲಿ ಇಂತಹ ಮಕ್ಕಳು ಎಷ್ಟಿದ್ದಾರೆ, ಅವರ ಬಾಯನ್ನು ಕೊನೆಯ ಸಲ ವೈದ್ಯರು ನೋಡಿದ್ದು ಯಾವಾಗ ಎಂಬುದನ್ನು ತಿಳಿದಿರಬೇಡವೇ?

ಉತ್ತರ ಹೇಳುವವರಿಗೂ ಒಂದು ಮಾತು. ಪ್ರವಾದಿ(ಸ)ರ ಕಾಲದಲ್ಲಿ ಪ್ರಯಾಣದಲ್ಲಿದ್ದ ಒಬ್ಬರ ತಲೆಗೆ ಕಲ್ಲೇಟಿನ ಗಾಯವಾಗಿತ್ತು. ಅವರಿಗೆ ಸ್ನಾನ ಕಡ್ಡಾಯವಾದಾಗ, ತಯಮ್ಮುಮ್‌ನ ರಿಯಾಯಿತಿ ತನಗುಂಟೇ ಎಂದು ಜೊತೆಗಾರರನ್ನು ಕೇಳಿದರು. ಇಲ್ಲವೆಂದು ಅವರು ಹೇಳಿದರು. ಗಾಯಾಳು ಸ್ನಾನ ಮಾಡಿ ಮೃತಪಟ್ಟರು. ವಿಷಯ ತಿಳಿದಾಗ ಪ್ರವಾದಿ(ಸ) ತೀವ್ರವಾಗಿ ನೊಂದು ಕೋಪಗೊಂಡರು. ಅವರ ಸಾವಿಗೆ ಆ ಉತ್ತರ ನೀಡಿದವರನ್ನೇ ಹೊಣೆಯಾಗಿಸಿದರು, ತಿಳಿಯದಿರುವಾಗ ಕೇಳುವುದೇ ಅಜ್ಞಾನಕ್ಕೆ ಮದ್ದು ಎಂದು ಕಲಿಸಿದರು. ಆ ಜೊತೆಗಾರರು ಕೇಡು ಬಯಸಿದವರಲ್ಲ. ಧರ್ಮನಿಷ್ಠೆಯಿಂದಲೇ ಹಾಗೆ ಹೇಳಿದ್ದರು. ಈ ಹದೀಸನ್ನು ನಾನು ಎಷ್ಟೋ ಸಲ ಓದಿದ್ದೆ. ಅದರಲ್ಲಿ ನನ್ನ ಬಗ್ಗೆಯೂ ಹೇಳಲಾಗಿದೆಯೆಂದು ಅರಿವಾದದ್ದು ಆ ರಾತ್ರಿ ಆಸ್ಪತ್ರೆಯ ಮೊಗಸಾಲೆಯಲ್ಲಿ.

ಆ ಬಾಲಕ ಈಗ ಊಟ ಮಾಡುತ್ತಾನೆ, ನಿದ್ರಿಸುತ್ತಾನೆ. ಗೆನ್ನೆಗೆ ಹೊಡೆದುಕೊಳ್ಳುವುದು ಸಂಪೂರ್ಣವಾಗಿ ನಿಂತಿದೆ. ಆರು ತಿಂಗಳಿಗೊಮ್ಮೆ ತಾಯಿ ಅವನನ್ನು ದಂತವೈದ್ಯರ ಬಳಿಗೆ ಕರೆದೊಯ್ಯುತ್ತಾರೆ. ಸುಮ್ಮನೆ ಕುರ್ಚಿಯಲ್ಲಿ ಕುಳಿತು ಬರುವುದಷ್ಟೇ ಅಭ್ಯಾಸವಾಗಲಿ ಎಂದು. ಕಳೆದ ಸಲ ಅವನು ಕ್ಷಣಕಾಲ ತಾನಾಗಿ ಬಾಯಿ ತೆರೆದನಂತೆ. ಜಿನ್ನ್‌ ಎಂದು ಶಂಕಿಸಿದವರು ಈಗ ಆ ಮಾತನ್ನು ಎತ್ತುವುದಿಲ್ಲ. ನಾನಂತೂ ಯಾರಾದರೂ ವೈದ್ಯಕೀಯ ವಿಷಯದಲ್ಲಿ ಧರ್ಮದ ಅಭಿಪ್ರಾಯ ಕೇಳಿದರೆ, ವೈದ್ಯರು ಏನೆಂದರು ಎಂದು ಮೊದಲು ವಿಚಾರಿಸುತ್ತೇನೆ. ಬಳಿಕ ಬಲ್ಲ ಉಸ್ತಾದರನ್ನು ಕೇಳುತ್ತೇನೆ, ಆ ನಂತರವೇ ಬಾಯಿ ತೆರೆಯುತ್ತೇನೆ.

ನಮ್ಮ ಅಧೀನದಲ್ಲಿರುವ ಮೂಕ ನೋವುಗಳನ್ನು ಗುರುತಿಸುವ ಕಣ್ಣನ್ನೂ ತಿಳಿಯದ್ದನ್ನು ಕೇಳಿ ತಿಳಿಯುವ ವಿನಯವನ್ನೂ ಅಲ್ಲಾಹನು ನಮಗೆ ಕರುಣಿಸಲಿ. ನಮ್ಮ ಮಾತಿನಿಂದ ನೊಂದವರನ್ನು ಅವನು ಗುಣಪಡಿಸಲಿ, ನಮ್ಮ ತಪ್ಪುಗಳನ್ನು ಕ್ಷಮಿಸಲಿ. ಆಮೀನ್.